ಹಸಿರು ಬಂತಲ್ಲ, ಇನ್ನೇನು ಬೇಕಂತೆ

ಕೋಡ್ ಬದಲಾವಣೆಗಳ ಲೆಕ್ಕ ಇಡೋ ಗಿಟ್ ಇದೆಯಲ್ಲ, ಅದರ ಟೆಸ್ಟ್ ಸ್ಕ್ರಿಪ್ಟಿನ ಒಂದು ಪ್ಯಾಚನ್ನ ರಿವ್ಯೂ ಮಾಡಿ ತಪ್ಪು ತೋರಿಸಿದೆ. ಬಂದ ಉತ್ತರ, "ಟೆಸ್ಟ್ ಪಾಸಾಗಿದೆಯಲ್ಲ ಸರ್, ಇನ್ನೇನು ಬೇಕು?" ಅಂತೆ. ಎಲ್ಲರ ಮುಂದೆ, ಸ್ಕ್ರೀನ್ ಶೇರ್ ಮಾಡ್ಕೊಂಡು. ಪ್ಯಾಚ್ ಮುಖ್ಯ ಕೋಡಿಗೆ ಮರ್ಜೂ ಆಗಿಹೋಯ್ತು.

ಪಾಸಾಗ್ತಿರೋದೇ ಕಣಯ್ಯಾ ನನ್ನ ತಕರಾರು!

ಆ ಪ್ಯಾಚಲ್ಲಿರೋ ಹೆಲ್ಪರ್, ಅಂದರೆ ಹಲವು ಟೆಸ್ಟುಗಳು ಕರೆಯೋ ಶೆಲ್ ಫಂಕ್ಷನ್, ಮಾಡೋದಿಷ್ಟು. ಗಿಟ್ ಕಮಾಂಡ್ ಓಡಿಸಿ ಎರರ್ ಔಟ್‌ಪುಟ್ಟನ್ನ 'ಎರ್' ಅನ್ನೋ ಫೈಲಿಗೆ ಸುರಿಯುತ್ತೆ. ಮುಂದಿನ ಸಾಲು, '! ಗ್ರೆಪ್ ವಾರ್ನಿಂಗ್ ಎರರ್'. ಎರ್ ಬೇರೆ, ಎರರ್ ಬೇರೆ. ಎರರ್ ಅನ್ನೋ ಫೈಲ್ ಹುಟ್ಟೇ ಇಲ್ಲ. ಗ್ರೆಪ್‌ಗೆ (ಫೈಲಲ್ಲಿ ಪದ ಹುಡುಕೋ ಕಮಾಂಡ್) ಹುಡುಕಿದ್ದು ಸಿಕ್ಕರೆ ಎಕ್ಸಿಟ್ ಕೋಡ್, ಅಂದರೆ ಮುಗಿದಾಗ ಕೊಡೋ ಸಂಖ್ಯೆ, 0, ಸಿಗದಿದ್ದರೆ 1, ಫೈಲೇ ಇಲ್ಲದಿದ್ದರೆ 2. ಮುಂದೆ ಕೂತಿರೋ ಆಶ್ಚರ್ಯಸೂಚಕಕ್ಕೆ 1 ಆದರೇನು, 2 ಆದರೇನು? ಸೊನ್ನೆಯಲ್ಲದ್ದನ್ನೆಲ್ಲ ಸೊನ್ನೆ ಮಾಡಿಬಿಡುತ್ತೆ. ಶೆಲ್‌ನಲ್ಲಿ ಸೊನ್ನೆ ಅಂದರೆ ಪಾಸ್. ಮುಳ್ಳು ತುಕ್ಕು ಹಿಡಿದ ತಕ್ಕಡಿ ಅದು, ಏನಿಟ್ಟರೂ ಒಂದೇ ತೂಕ. ವಾರ್ನಿಂಗ್ ಬಂದರೂ ಹಸಿರು, ಬಾರದಿದ್ದರೂ ಹಸಿರು.

ಇದಕ್ಕೇ ಅಂತ ಗಿಟ್ ಟೆಸ್ಟುಗಳ ಸಿದ್ಧ ಫಂಕ್ಷನ್ ಕಟ್ಟಾದ ಟೆಸ್ಟ್-ಲಿಬ್ ಜೊತೆ ಟೆಸ್ಟ್_ಗ್ರೆಪ್ ಇದೆ, ಹೊಸದಾಗಿ ಬರೆಯೋದೂ ಬೇಡ. 'ಟೆಸ್ಟ್_ಗ್ರೆಪ್ ! ವಾರ್ನಿಂಗ್ ಎರ್' ಅಂತ ಬರೆದರೆ, ಫೈಲ್ ಇಲ್ಲದಿದ್ದಾಗ ಟೆಸ್ಟ್ ಸ್ಕ್ರಿಪ್ಟಲ್ಲೇ ಬಗ್ ಇದೆ ಅಂತ ಅಲ್ಲೇ ನಿಂತು ಕಿರುಚುತ್ತೆ. ಆಶ್ಚರ್ಯಸೂಚಕ ಟೆಸ್ಟ್_ಗ್ರೆಪ್ ಆದ ಮೇಲೆ ಬರಬೇಕು, ಅದಕ್ಕೂ ಮೊದಲಲ್ಲ. ಒಂದು ಸಾಲಿನ ತಿದ್ದುಪಡಿ.

ನಾನು ಕೇಳಿದ್ದಾದರೂ ಏನು? ಟೂಲ್‌ನ ಸಿ ಕೋಡಲ್ಲಿ ಬೇಕಂತಲೇ ಆ ವಾರ್ನಿಂಗ್ ಪ್ರಿಂಟ್ ಮಾಡ್ಸಿ, ಮತ್ತೆ ಬಿಲ್ಡ್ ಮಾಡಿ ಓಡಿಸಿ, ಕೆಂಪಾಗಬೇಕು, ಆಗಲ್ಲ ನೋಡಿ ಅಂದೆ. ಆ ಮಹಾಶಯರು ಏನು ಮಾಡಿದರು? ಕೋಡ್ ಮುಟ್ಟಲೇ ಇಲ್ಲ. ಇದ್ದ ಹಾಗೇ ಓಡಿಸಿದರು. ಓಕೆ 1, ಓಕೆ 2, ಓಕೆ 3... ನಿಧಾನವಾಗಿ, ಒಂದೊಂದೇ ಸಾಲು ಸ್ಕ್ರೋಲ್ ಮಾಡ್ತಾ, ಪ್ರತಿ ಓಕೆಯ ಮೇಲೂ ಮೌಸ್ ಆಡಿಸ್ತಾ. "ಎಲ್ಲಿದೆ ಸರ್ ಪ್ರಾಬ್ಲಮ್?" ಯಾರದೋ ಮೈಕ್ ಆನ್ ಇತ್ತು, ನಕ್ಕಿದ್ದು ಕೇಳಿಸ್ತು. ಪ್ರಾಬ್ಲಮ್ ಅಲ್ಲೇ ಇತ್ತು, ಅವರ ಮೌಸ್ ಕೆಳಗೇ ಇತ್ತು! ನನ್ನ ಸಾಕ್ಷಿಯನ್ನೇ ನನ್ನ ಮೇಲೆ ಎಸೆದರು, ಹಿಡಿದುಕೊಂಡು ಸುಮ್ಮನೆ ಕೂತೆ.

ಬಿಡಿ. ಟೆಸ್ಟ್ ಕೋಡ್ ತಾನೇ. ಹಾಳಾಗಿ ಹೋಗ್ಲಿ.

ಹಾಳಾಗೋದು ಅದೊಂದೇ ಆಗಿದ್ದರೆ ನಿಜವಾಗಿಯೂ ಬಿಡ್ತಿದ್ದೆ. ಹೆಲ್ಪರ್ ಕುರುಡಾದರೆ ಅದನ್ನ ಕರೆಯೋ ಟೆಸ್ಟ್‌ಗಳೆಲ್ಲ ಕುರುಡು. "ಲಿಂಟ್ ಹಿಡಿಯುತ್ತಲ್ಲ" ಅಂದರು ಇನ್ನೊಬ್ಬರು. ಟೆಸ್ಟ್ ಕೋಡಿನ ತಪ್ಪು ತಾನಾಗೇ ಹಿಡಿಯೋ ತಪಾಸಣೆಯಂತೆ. ಯಾವ ಲಿಂಟ್ ಸ್ವಾಮಿ? ಗಿಟ್‌ನ ಟೆಸ್ಟ್-ಲಿಬ್‌ಗೆ 2015ರಲ್ಲಿ ಬಂದ ಉಪಾಯ ಏನಂದ್ರೆ, ಟೆಸ್ಟ್‌ನ ಮೊದಲಿಗೆ 117 ಎಕ್ಸಿಟ್ ಕೋಡ್ ಕೊಡೋ ತುಂಡೊಂದನ್ನ && ಹಾಕಿ ಸಿಕ್ಕಿಸೋದು. ಆ ಗುರುತು ಸಾಲಿಗೆ ಸಾಲು ಕಟ್ಟೋ ಸರಪಳಿ, ಒಂದು ಸಾಲು ಬಿದ್ದರೆ ಮುಂದಿನದು ಓಡಲ್ಲ. ಸರಪಳಿ ಗಟ್ಟಿಯಿದ್ದರೆ ಕೊನೆಗೆ 117 ಬರುತ್ತೆ, ಎಲ್ಲೋ && ಬಿಟ್ಟುಹೋಗಿದ್ದರೆ ಬೇರೇನೋ ಬರುತ್ತೆ. ಸರಪಳಿ ಸರಿಯಿದ್ದಾಗ ಹೆಲ್ಪರ್ ಓಡೋದೇ ಇಲ್ಲವಲ್ಲ, ಅದರ ಹೊಟ್ಟೆಯೊಳಗೆ ಎಲ್ಲಿ ಕಡಿದಿದೆ ಅಂತ ಗೊತ್ತಾಗೋದು ಹೇಗೆ? 2022ರಲ್ಲಿ ಬಂದ ಪರ್ಲ್‌ನ ಚೈನ್‌ಲಿಂಟ್ ನೋಡೋದೂ ಟೆಸ್ಟ್_ಎಕ್ಸ್‌ಪೆಕ್ಟ್_ಸಕ್ಸೆಸ್ ಥರದ ಟೆಸ್ಟ್ ಬ್ಲಾಕುಗಳ ಒಳಗಿನ ಕೋಡನ್ನೇ, ಹೊರಗೆ ಬರೆದ ಫಂಕ್ಷನ್ ಅದಕ್ಕೆ ಕಾಣಲ್ಲ. ಅಲ್ಲಿ ಕಣ್ಣಿಡೋಕೆ ಇರೋದು ರಿವ್ಯೂ ಮಾಡೋ ಮನುಷ್ಯ ಒಬ್ಬನೇ. ಅವನನ್ನ ನೋಡಿ ನಗೋದು.

ಹೌದು, ಗೊತ್ತು, ನಾನು ಅಂಥವನೇ. && ಬಿಟ್ಟುಹೋಗಿದೆ ಅಂತ ಊಟದ ಮಧ್ಯೆ ಕಾಮೆಂಟ್ ಹಾಕೋ ಗಿರಾಕಿ. ಮದುವೆ ಮನೆಗೆ ಕರೆದರೆ ಲಗ್ನಪತ್ರಿಕೇಲಿ ಕೋಟ್ಸ್ ಎಲ್ಲಿ ಅಂತ ಕೇಳೋನು. ಆದರೂ ಅದೇ ಪ್ಯಾಚಲ್ಲಿ '! ಗಿಟ್ ಮರ್ಜ್' ಇದೆಯಲ್ಲ, ಅದಕ್ಕೇನು ಹೇಳ್ತೀರಿ? ಗಿಟ್ ಸೆಗ್‌ಫಾಲ್ಟ್ (ಮೆಮೊರಿ ತಪ್ಪಿನ ಕ್ರ್ಯಾಶ್) ಆಗಿ 139 ಕೊಟ್ಟು ಸತ್ತರೂ "ನಿರೀಕ್ಷಿಸಿದಂತೆ ಫೇಲ್ ಆಯ್ತು" ಅಂತ ಚಪ್ಪಾಳೆ. ಟೆಸ್ಟ್_ಮಸ್ಟ್_ಫೇಲ್ ಹಾಕಿದ್ದರೆ ಸಿಗ್ನಲ್‌ನಿಂದ ಸತ್ತದ್ದನ್ನ, ಕಮಾಂಡೇ ಸಿಗದ 127ನ್ನ ಒಪ್ಪಲ್ಲ. (ಗ್ರೆಪ್‌ಗೆ ಅದನ್ನ ಹಾಕಬೇಡಿ, ಅದು ಗಿಟ್ ಕಮಾಂಡ್‌ಗೆ ಮಾತ್ರ. ಅದಕ್ಕೂ ಒಂದು ಜಗಳ ಬಾಕಿ ಇದೆ.) 'ಗಿಟ್ ಲಾಗ್ | ಸಾರ್ಟ್' ಅಂತ ಬರೆದರೆ ಗಿಟ್‌ನ ಎಕ್ಸಿಟ್ ಕೋಡ್ ಪೈಪಲ್ಲೇ ಸಮಾಧಿ. ಮೊದಲು ಫೈಲಿಗೆ ಬರೆದು ಆಮೇಲೆ ಸಾರ್ಟ್ ಮಾಡೋಕೆ ಏನು ಕಷ್ಟ?

ಯಾರಾದರೂ ಉತ್ತರ ಕೊಡ್ರಪ್ಪ, ಹೆಲ್ಪರ್ ಒಳಗೆ ಸೀದಾ 'ಸಿಡಿ' (ಡೈರೆಕ್ಟರಿ ಬದಲಿಸೋ ಕಮಾಂಡ್) ಯಾಕೆ? ಟೆಸ್ಟ್‌ಗಳೆಲ್ಲ ಒಂದೇ ಶೆಲ್‌ನಲ್ಲಿ ಇವ್ಯಾಲ್ ಆಗಿ ಓಡ್ತವೆ. ನಡುವೆ ಒಂದು ಫೇಲ್ ಆದರೆ ಮುಂದಿನವೆಲ್ಲ ತಪ್ಪು ಡೈರೆಕ್ಟರಿಯಲ್ಲಿ. ಶೆಲ್ ಜಾಗ ಬಿಡದೆ ಬೇರೆ ಡೈರೆಕ್ಟರಿಯಲ್ಲಿ ಗಿಟ್ ಓಡಿಸೋ 'ಗಿಟ್ -ಸಿ' ಇರೋದು ಯಾತಕ್ಕೆ? ಇದನ್ನ ಹೇಳಿದ್ದಕ್ಕೆ ಎಲ್ಲವನ್ನೂ ಮರಿ ಶೆಲ್, ಅಂದರೆ ಸಬ್‌ಶೆಲ್‌ಗೆ ತುರುಕಿದರು, ಟೆಸ್ಟ್_ವೆನ್_ಫಿನಿಶ್ಡ್ ಸಮೇತ! ಟೆಸ್ಟ್ ಮುಗಿದಾಗ ಮಾಡು ಅಂತ ಅಲ್ಲಿ ಕೊಟ್ಟ ಕ್ಲೀನಪ್ ಹೊರಗಿನ ಶೆಲ್‌ಗೆ ತಲುಪೋದೇ ಇಲ್ಲ. ಶೆಲ್ ಬ್ಯಾಶ್ ಆದರೆ ಬಗ್ ಅಂತ ಬೈಯುತ್ತೆ, ಉಬುಂಟುವಿನ ಡ್ಯಾಶ್ ತುಟಿ ಪಿಟಕ್ಕೆನ್ನಲ್ಲ. ಟೆಸ್ಟಿನ ಕಮಿಟ್ಟುಗಳಿಗೆ ನಕಲಿ ಸಮಯ ಕೊಡೋ ಟೆಸ್ಟ್_ಟಿಕ್ ಕಥೆಯೂ ಅದೇ. ಗಡಿಯಾರ ಕಂಪ್ಯೂಟರಿನ ಸೆಕೆಂಡ್ ಲೆಕ್ಕದಲ್ಲಿ 1112911993ರಿಂದ ಶುರು, ಅಂದರೆ ಗಿಟ್‌ನ ಮೊದಲ ಕಮಿಟ್ ಆದ 2005ರ ಏಪ್ರಿಲ್ 7ರ ಕ್ಷಣ. ಸಲಕ್ಕೆ 60 ಸೆಕೆಂಡ್ ಮುಂದೆ ಹೋಗಬೇಕು. ಸಬ್‌ಶೆಲ್‌ನಲ್ಲಿ ಹೋದದ್ದು ಹೊರಗೆ ಬಂದ ಕೂಡಲೇ ವಾಪಸ್. ಎರಡು ಕಮಿಟ್‌ಗೆ ಒಂದೇ ಸಮಯ ಬಿದ್ದು, ತಾರೀಖಿನ ಕ್ರಮ ನೋಡೋ ಟೆಸ್ಟ್ ಎಡವಿದಾಗ "ಫ್ಲೇಕಿ" (ಒಮ್ಮೆ ಪಾಸು, ಒಮ್ಮೆ ಫೇಲು) ಅಂತ ಹಣೆಪಟ್ಟಿ.

ನನಗೇನು. ಇನ್ನು ಆ ಫೈಲ್ ತೆರೆಯಲ್ಲ. ಸಾಲು ಎಣಿಸೋ 'ಡಬ್ಲ್ಯುಸಿ -ಎಲ್' ಔಟ್‌ಪುಟ್ಟನ್ನ ಕೋಟ್ಸ್ ಒಳಗಿಟ್ಟು "3" ಜೊತೆ ಹೋಲಿಸಿದ್ದಾರೆ, ಮ್ಯಾಕ್‌ನಲ್ಲಿ ಸಂಖ್ಯೆಯ ಮುಂದೆ ಖಾಲಿ ಜಾಗ ಬರುತ್ತೆ, ಬೀಳುತ್ತೆ. ಟೆಸ್ಟ್_ಲೈನ್_ಕೌಂಟ್ ಅಂತ ಹೇಳಿದ್ದೆ. ಬಿದ್ದ ದಿನ ನನ್ನನ್ನ ಕರೀಬೇಡಿ. ಕರೆಯೋದೇ ಆದರೆ ಏನು ಓಡಿತು, ಎಲ್ಲಿ ಬಿತ್ತು ಅಂತ ತೋರಿಸೋ -ವಿ -ಐ -ಎಕ್ಸ್ ಹಾಕಿ ಓಡಿಸಿದ ಔಟ್‌ಪುಟ್ ತಗೊಂಡು ಬನ್ನಿ, ಸ್ಕ್ರೀನ್‌ಶಾಟ್ ಅಲ್ಲ.