ಪಿಎಫ್ ನಾಮಿನಿ: ಸೇವ್ ಒತ್ತಿದರೆ ಮುಗಿಯಲಿಲ್ಲ
ನಾವು ಸತ್ತರೆ ಪಿಎಫ್ ಹಣ ಯಾರಿಗೆ ಎಂದು ಹೇಳುವ ನಾಮಿನಿ ಹೆಸರನ್ನು ಪಿಎಫ್ ಜಾಲತಾಣದಲ್ಲಿ ಸೇರಿಸಲು ಹೊರಟು, ಎಲ್ಲ ತುಂಬಿ ಇ-ಸೈನ್‌ಗೆ (ಆಧಾರ್ ಒಟಿಪಿಯಿಂದ ಹಾಕುವ ಆನ್‌ಲೈನ್ ಸಹಿ) ಬಂದರೆ ಮತ್ತೆ ಒಟಿಪಿ ಇಲ್ಲ! ಆಧಾರ್‌ಗೆ ಹಳೆಯ ಮೊಬೈಲ್ ನಂಬರ್ ಜೋಡಿಸಿದ್ದರೆ ಅಷ್ಟೇ ಕತೆ. ಸಾಕಪ್ಪ ಸಾಕು. ಮೊದಲು ಪ್ರೊಫೈಲ್‌ನಲ್ಲಿ ನಿಮ್ಮ ಫೋಟೊ ಇರಬೇಕು, ಇಲ್ಲದಿದ್ದರೆ ಮುಂದಕ್ಕೇ ಬಿಡದು. ಆಮೇಲೆ ಮನೆಯವರ ಆಧಾರ್, ಫೋಟೊ, ಹುಟ್ಟಿದ ದಿನಾಂಕ. ನಾಮಿನಿಗಳ ಪಾಲು ಕೂಡಿದರೆ ಸರಿಯಾಗಿ ಶೇಕಡ 100 ಆಗಬೇಕು. ಇಷ್ಟಾದರೂ ಇ-ಸೈನ್ ಆಗದೆ ಬರೀ ಸೇವ್ ಆದ ನಾಮಿನೇಶನ್‌ಗೆ ಬೆಲೆಯಿಲ್ಲ. ಅದನ್ನು ದಪ್ಪ ಅಕ್ಷರದಲ್ಲಿ ಹೇಳಲು ಏನು ಕಷ್ಟ?

ನಿಜವಾಗಿ ಸಿಟ್ಟು ಬರುವುದು ಮದುವೆಯ ವಿಷಯಕ್ಕೆ. ಮದುವೆಗೆ ಮೊದಲು ತಮ್ಮನ ಹೆಸರು ಬರೆದಿದ್ದರೆ, 1952ರ ಪಿಎಫ್ ಯೋಜನೆಯ ಪ್ರಕಾರ ಮದುವೆಯಾದ ಮೇಲೆ ಅದು ಅಸಿಂಧು. ಎಷ್ಟು ಜನಕ್ಕೆ ಇದು ಗೊತ್ತು? ಗಂಡನನ್ನು ಕಳೆದುಕೊಂಡವಳು ಫಾರ್ಮ್ 20 (ಸತ್ತವರ ಪಿಎಫ್ ಹಣ ಕೇಳುವ ಅರ್ಜಿ) ಹಿಡಿದು, ವಂಶವೃಕ್ಷಕ್ಕೆ ನಾಡಕಚೇರಿ ಅಲೆಯುವಾಗ ತಿಳಿಯಬೇಕೇ?