ಸತ್ಯಾಂಶ: ಟರ್ಫ್ ಬಂದ ಮೇಲೆ ಹಾಕಿಯಲ್ಲಿ ಭಾರತಕ್ಕೆ ಚಿನ್ನವೇ ಸಿಗಲಿಲ್ಲವೇ?

‘1976ರಲ್ಲಿ ಕೃತಕ ಟರ್ಫ್ (ಪ್ಲಾಸ್ಟಿಕ್ ಹುಲ್ಲುಹಾಸು) ತಂದು ನಮ್ಮ ಹಾಕಿಯನ್ನು ಮುಗಿಸಿದರು, ಆಮೇಲೆ ಒಲಿಂಪಿಕ್ಸ್ ಚಿನ್ನವೇ ಇಲ್ಲ’ ಎಂಬ ಫಾರ್ವರ್ಡ್ ಆಗಾಗ ಬರುತ್ತಿರುತ್ತದೆ. ಇದು ಅರ್ಧ ನಿಜ.

1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಮೊದಲ ಸಲ ಟರ್ಫ್ ಬಂತು, ನಾವು 7ನೇ ಸ್ಥಾನಕ್ಕೆ ಕುಸಿದೆವು. ಆದರೆ 1980ರ ಮಾಸ್ಕೋ ಚಿನ್ನ ಗೆದ್ದಿದ್ದೂ ಟರ್ಫ್ ಮೇಲೆಯೇ! ಫೈನಲ್‌ನಲ್ಲಿ ಸ್ಪೇನ್ ವಿರುದ್ಧ 4-3. ನಮ್ಮ ಕೊಡಗಿನ ಎಂ.ಎಂ. ಸೋಮಯ್ಯ ಆ ತಂಡದಲ್ಲಿದ್ದರು. ಹಲವು ದೇಶಗಳು ಮಾಸ್ಕೋ ಒಲಿಂಪಿಕ್ಸ್ ಬಹಿಷ್ಕರಿಸಿದ್ದರಿಂದ ಹಲವು ಬಲಿಷ್ಠ ತಂಡಗಳು ಬಂದಿರಲಿಲ್ಲ, ಅದನ್ನೂ ಹೇಳಲೇಬೇಕು. ಇನ್ನು 1968, 1972ರಲ್ಲಿ ಹುಲ್ಲಿನ ಮೇಲೆ ಆಡಿಯೂ ಸಿಕ್ಕಿದ್ದು ಕಂಚು ಮಾತ್ರ.

ಹಾಗಂತ ಟರ್ಫ್ ಸುಮ್ನೆ ಬದಲಾವಣೆ ಅಲ್ಲ. ಹುಲ್ಲಿನಲ್ಲಿ ಚೆಂಡು ಪುಟಿಯುತ್ತದೆ, ನಿಧಾನವಾಗುತ್ತದೆ. ಮಣಿಕಟ್ಟಿನ ಚಳಕಕ್ಕೆ ಅಲ್ಲಿ ಬೆಲೆ ಜಾಸ್ತಿ. ನೀರು ಹಾಯಿಸಿದ ಟರ್ಫ್ ಮೇಲೆ ಚೆಂಡು ಸರ್ರನೆ ಜಾರುತ್ತದೆ. ಆಟಗಾರ ಸೊಂಟ ಬಗ್ಗಿಸಿ, ಸ್ಟಿಕ್ಕನ್ನು ನೆಲಕ್ಕೆ ತಾಗಿಸಿಯೇ ಅದನ್ನು ತಡೆಯಬೇಕು. ಓಟವೂ ಹೆಚ್ಚು, ಪಾಸ್ ಕೂಡ ಬೇಗ ಕೊಡಬೇಕು. ಕಲಿಯಲು ಟರ್ಫೇ ಬೇಕಲ್ವಾ? ಅದು ದುಬಾರಿ. ನಮ್ಮ ಹುಡುಗರು ವರ್ಷಗಟ್ಟಲೆ ಮಣ್ಣಿನಲ್ಲೇ ಅಭ್ಯಾಸ ಮಾಡಿದರು. ನನಗೆ ನೋವಾಗುವುದು ಈ ವಿಷಯಕ್ಕೇ.

ಟೋಕಿಯೊ, ಪ್ಯಾರಿಸ್ ಒಲಿಂಪಿಕ್ಸ್ ಎರಡರಲ್ಲೂ ಕಂಚು ಬಂದಿದ್ದು ಇದೇ ಟರ್ಫ್ ಮೇಲೆ.