ಹಗಲು ದೀವಟಿಗೆ

ಎದುರಿಂದ ಬರುತ್ತಿರುವ ಬೈಕಿನವನು ಎಡಗೈ ಎತ್ತಿ ಐದೂ ಬೆರಳನ್ನು ಮುಚ್ಚಿ ತೆರೆದು, ಮುಚ್ಚಿ ತೆರೆದು, ‘ಹಗಲಲ್ಲೇ ಲೈಟು ಉರೀತಿದೆ, ಆರಿಸು’ ಎಂದು ಸನ್ನೆ ಮಾಡಿದ ಎಂದರೆ ನಮಗಿರುವುದು ಎರಡೇ ಸೆಕೆಂಡು. ಇಬ್ಬರೂ ನಲವತ್ತರ ವೇಗದಲ್ಲಿದ್ದರೆ ಐವತ್ತು ಮೀಟರ್ ಅಂತರ ಕರಗಲು ಅಷ್ಟು ಹೊತ್ತು ಸಾಕು. ಅಷ್ಟರೊಳಗೆ “2017ರ ಏಪ್ರಿಲ್ 1ರಿಂದ ಬಂದ ಹೊಸ ದ್ವಿಚಕ್ರ ವಾಹನಗಳಿಗೆ ಹೆಡ್‌ಲೈಟ್ ಆರಿಸುವ ಸ್ವಿಚ್ಚೇ ಇಲ್ಲ ಮಾರಾಯ, ಎಂಜಿನ್ ಓಡುವಷ್ಟು ಹೊತ್ತೂ ಉರಿಯಬೇಕು, ಸರ್ಕಾರದ ನಿಯಮ” ಎಂದು ಹೇಳಿ ಮುಗಿಸುವುದು ಹೇಗೆ? ತಲೆ ಅಲ್ಲಾಡಿಸಿದರೆ ಪೊಗರು ಅನ್ನುತ್ತಾನೆ. ಹೆಬ್ಬೆರಳು ತೋರಿಸಿದರೆ, ಆರಿಸಿದನೋ ಇಲ್ಲವೋ ಎಂದು ಕನ್ನಡಿಯಲ್ಲಿ ನೋಡುತ್ತಾ ಹೋಗಿ ಮುಂದಿನ ಗುಂಡಿಗೆ ಇಳಿಯುತ್ತಾನೆ.

ಹಿಂದೆ ರಾಜರು ದೊಡ್ಡ ಮಠದ ಸ್ವಾಮಿಗಳಿಗೆ ಅಡ್ಡಪಲ್ಲಕ್ಕಿ, ಶ್ವೇತಛತ್ರ, ಹಗಲು ದೀವಟಿಗೆ ಎಂದೆಲ್ಲ ಮರ್ಯಾದೆ ದಯಪಾಲಿಸುತ್ತಿದ್ದರು. ಪಲ್ಲಕ್ಕಿ, ಛತ್ರಿಗಳನ್ನು ತಮ್ಮಲ್ಲೇ ಇಟ್ಟುಕೊಂಡ ನಮ್ಮ ಸಾರಿಗೆ ಇಲಾಖೆಯವರು ಮೂರನೆಯದನ್ನು ಮಾತ್ರ ಹಾಲಿನ ಕ್ಯಾನು ಕಟ್ಟಿಕೊಂಡು ಹೋಗುವವನಿಂದ ಹಿಡಿದು ಎಲ್ಲರಿಗೂ ಹಂಚಿಬಿಟ್ಟರು. ಸ್ವೀಡನ್ನಿನಲ್ಲಿ ಹಗಲು ದೀಪ ಕಡ್ಡಾಯವಾದದ್ದು 1977ರಲ್ಲಿ. ಚಳಿಗಾಲದಲ್ಲಿ ಮಧ್ಯಾಹ್ನವೇ ಕತ್ತಲಾಗುವ ದೇಶ, ಒಪ್ಪೋಣ. ಕಲಬುರಗಿಯ ಏಪ್ರಿಲ್ ಬಿಸಿಲಿನಲ್ಲಿ, ರಸ್ತೆಯ ಡಾಂಬರೇ ಹೊಳೆಯುವ ಹೊತ್ತಿನಲ್ಲಿ ಮೂವತ್ತೈದು ವ್ಯಾಟ್ ಬಲ್ಬು ಯಾರಿಗೆ ದಾರಿ ತೋರಿಸಬೇಕು? ನಮಗಲ್ಲ, ಎದುರಿನವರಿಗೆ. ಬೈಕು ಸಪೂರ, ಲಾರಿಯ ಕನ್ನಡಿಯಲ್ಲಿ ಅದು ಕಾಣುವುದು ಒಂದು ಗೀಟಿನಂತೆ. ದೀಪವಿದ್ದರೆ ಗೀಟಿಗೊಂದು ಚುಕ್ಕಿ ಬೀಳುತ್ತದೆ. ಕಾರಣ ಸರಿಯಾಗಿದೆ. ಸರಿಯಾಗಿರುವುದರಿಂದಲೇ ಬೈಯಲೂ ಆಗುವುದಿಲ್ಲ.

ಸನ್ನೆ ಮಾಡುವವರಲ್ಲೂ ಪಂಗಡಗಳಿವೆ. ದೂರದಿಂದ ಬೆರಳು ಬಿಚ್ಚುವವರು ಸಾಧುಗಳು. ಪಕ್ಕಕ್ಕೇ ಗಾಡಿ ತಂದು “ಅಣ್ಣಾ, ಲೈಟು!” ಎಂದು ಕೂಗುವವರು ಮಧ್ಯಮರು. ತಮ್ಮದೇ 2019ರ ಸ್ಕೂಟರಿನ ದೀಪ ಝಗಮಗ ಉರಿಯುತ್ತಿರುವಾಗ ನಮಗೆ ಬೆರಳು ಬಿಚ್ಚುವವರ ಬಗ್ಗೆ ಏನು ಹೇಳೋಣ.

ಇವರೆಲ್ಲರ ಮೇಲೊಬ್ಬ ಇದ್ದಾನೆ, ಕರಸೇವಕ. ಸಿಗ್ನಲ್ಲಿನಲ್ಲಿ ಬಲಗಡೆ ಬಂದು ನಿಲ್ಲುತ್ತಾನೆ. ದೀಪ ನೋಡುತ್ತಾನೆ, ನಮ್ಮ ಮುಖ ನೋಡುತ್ತಾನೆ, ಪಾಪ ಗೊತ್ತಿಲ್ಲ ಎಂದು ತೀರ್ಮಾನಿಸುತ್ತಾನೆ. “ಇರಿ ಸಾರ್” ಎಂದು ತಾನೇ ಕೈ ಚಾಚುತ್ತಾನೆ. ಹಳೆಯ ಗಾಡಿಯಲ್ಲಿ ಬಲ ಹಿಡಿಯ ಪಕ್ಕ ಆಫ್, ಪಾರ್ಕಿಂಗ್, ಹೆಡ್‌ಲೈಟ್ ಎಂದು ಮೂರು ಮನೆಯ ಜಾರುವ ಸ್ವಿಚ್ಚಿತ್ತಲ್ಲ, ಅವನ ಹೆಬ್ಬೆರಳು ಅಭ್ಯಾಸಬಲದಿಂದ ನೇರ ಅಲ್ಲಿಗೇ ಹೋಗುತ್ತದೆ. ಅಲ್ಲಿ ಈಗ ಬೋಳು ಪ್ಲಾಸ್ಟಿಕ್. ಸವರುತ್ತಾನೆ. ಸಿಗುವುದಿಲ್ಲ. ಬೆರಳು ಮೇಲೆ ಹೋಗುತ್ತದೆ, ಕೆಂಪಗಿರುವುದೊಂದು ಸಿಗುತ್ತದೆ, ಟಕ್ ಎಂದು ಒತ್ತುತ್ತಾನೆ. ಅದು ಎಂಜಿನ್ ಕಿಲ್ ಸ್ವಿಚ್. ಎಂಜಿನ್ ನಿಂತಿತು, ಹೆಡ್‌ಲೈಟಿಗೆ ಕರೆಂಟು ಬರುವುದು ಎಂಜಿನ್ ಓಡುತ್ತಿದ್ದರೆ ಮಾತ್ರ, ಹಾಗಾಗಿ ದೀಪವೂ ಹೋಯಿತು. “ನೋಡಿ, ಆಫ್ ಆಯ್ತು!” ಎಂದು ಅವನ ಮುಖ ಅರಳುವುದಕ್ಕೂ ಸಿಗ್ನಲ್ ಹಸಿರಾಗುವುದಕ್ಕೂ ಸರಿಹೋಗುತ್ತದೆ. ಅವನು ಪುಣ್ಯ ಕಟ್ಟಿಕೊಂಡು ಹೊರಟ. ಹಿಂದಿರುವ ನಲವತ್ತು ಹಾರ್ನುಗಳ ನಡುವೆ ನಾವು ಸೆಲ್ಫ್ ಒತ್ತುತ್ತೇವೆ, ಒತ್ತುತ್ತೇವೆ, ಕಿಲ್ ಸ್ವಿಚ್ ಹಾಗೇ ಇರುವುದು ಹೊಳೆಯುವಷ್ಟರಲ್ಲಿ ಮತ್ತೆ ಕೆಂಪು.

ಇಂಥ ಎರಡು ಉಪಕಾರವಾದ ಮೇಲೆಯೇ ಮನುಷ್ಯ ದೀಪಕ್ಕೊಂದು ಸ್ವಿಚ್ ಹಾಕಿಸಲು ಆಟೋ ಎಲೆಕ್ಟ್ರಿಕಲ್ ಅಂಗಡಿ ಹುಡುಕಿಕೊಂಡು ಹೋಗುವುದು. ಅಲ್ಲಿ ಕೊಡುವ ಕಾರಣ ಮಾತ್ರ ಬೇರೆ: “ಬ್ಯಾಟರಿ ಇಳಿಯುತ್ತೆ, ಮೈಲೇಜ್ ಬರಲ್ಲ.” ಎರಡೂ ಪೊಳ್ಳು. ದೀಪ ಹತ್ತುವುದೇ ಎಂಜಿನ್ ಶುರುವಾದ ಮೇಲೆ. ಇನ್ನು ಬಹುತೇಕ ಸಣ್ಣ ಬೈಕುಗಳ ರೆಗ್ಯುಲೇಟರ್ (ಕರೆಂಟನ್ನು ಹದದಲ್ಲಿಡುವ ಡಬ್ಬಿ), ಬೇಡವಾದ ಕರೆಂಟನ್ನು ಅದು ಹುಟ್ಟಿದ ಕಾಯಿಲ್‌ಗೇ ಶಾರ್ಟ್ ಮಾಡಿ ಬಿಸಿಯಾಗಿ ಕಳೆಯುವ ಜಾತಿಯದು. ಬಲ್ಬು ಆರಿಸಿದರೆ ಆ ಶಾಖ ಹೆಡ್‌ಲೈಟಿನ ಡೂಮಿನ ಬದಲು ಕರೆಂಟು ಹುಟ್ಟಿಸುವ ಮ್ಯಾಗ್ನೆಟೊ ಕಡೆ ಹೋಗುತ್ತದೆ, ಪೆಟ್ರೋಲ್ ಟ್ಯಾಂಕಿಗೆ ವಾಪಸು ಬರುವುದಿಲ್ಲ.

ಅಂಗಡಿಯವನು ಡೂಮ್ ಬಿಚ್ಚಿ, ಹೈಬೀಮ್-ಲೋಬೀಮ್ ಬದಲಿಸುವ ಡಿಮ್-ಡಿಪ್ ಸ್ವಿಚ್ಚಿಗೆ ಹೋಗುವ ವೈರನ್ನು ಕತ್ತರಿಸಿ ನಡುವೆ ಒಂದು ಸ್ವಿಚ್ ಕೂರಿಸುತ್ತಾನೆ. ಹತ್ತು ನಿಮಿಷದ ಕೆಲಸ. ಎಡವಟ್ಟಾಗುವುದು ಇಲ್ಲೇ. 12 ವೋಲ್ಟಿನಲ್ಲಿ 35 ವ್ಯಾಟ್ ಎಂದರೆ ಹತ್ತಿರ ಹತ್ತಿರ 3 ಆಂಪಿಯರ್, ಬುಲೆಟ್ಟಿನ 60/55 ವ್ಯಾಟಿನ ಬಲ್ಬಾದರೆ 5. ಅಲ್ಲಿ ಹಾಕಬೇಕಾದದ್ದು 10 ಆಂಪಿಯರ್ ತಾಳುವ, ನೀರಿಳಿಯದ ಸ್ವಿಚ್ಚು, ಅಥವಾ ಭಾರವನ್ನು ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹತ್ತಿಸಿ ಆರಿಸುವ ಸ್ವಿಚ್ಚು) ಮೇಲೆ ಹಾಕಿ ಬರೀ ಅದರ ಕಾಯಿಲ್‌ಗೆ ಒಂದು ಸಣ್ಣ ಸ್ವಿಚ್ಚು. ಹಾಕುವುದು ಕಾಲಿಂಗ್ ಬೆಲ್ಲಿನದಕ್ಕಿಂತ ಬಡಕಲಾದದ್ದು. ಒಳಗಿನ ತಗಡು ಕಾದು ಪ್ಲಾಸ್ಟಿಕ್ ಮೆತ್ತಗಾಗುತ್ತದೆ. ಜಾಯಿಂಟಿಗೆ ಬೆಸುಗೆ ಹಾಕಿ ಬಿಸಿಗೆ ಕುಗ್ಗಿ ಅಪ್ಪಿಕೊಳ್ಳುವ ಶ್ರಿಂಕ್ ಸ್ಲೀವ್ ತೊಡಿಸುವ ಬದಲು ಎರಡು ಸುತ್ತು ಟೇಪು. ಒಂದು ಮಳೆಗಾಲ ಕಳೆದರೆ ಟೇಪಿನಡಿಯ ತಾಮ್ರ ಹಸಿರುಗಟ್ಟಿರುತ್ತದೆ. ವೈರಿಗೆ ಸಡಿಲು ಬಿಡದಿದ್ದರೆ ಹ್ಯಾಂಡಲ್ ತಿರುಗಿಸಿದಾಗೆಲ್ಲ ಎಳೆದೂ ಎಳೆದೂ ಒಂದು ದಿನ ಕಡಿಯುತ್ತದೆ. ಆ ಒಂದು ದಿನ ಯಾವಾಗಲೂ ರಾತ್ರಿಯೇ, ಚಾರ್ಮಾಡಿಯ ತಿರುವೇ. ಎಲ್‌ಇಡಿ ಹೆಡ್‌ಲೈಟಿನ ಗಾಡಿಗಳಿಗೆ ಇಷ್ಟೂ ದಕ್ಕುವುದಿಲ್ಲ. ಕರೆಂಟು ಅಳೆದು ಕೊಡುವ ಡ್ರೈವರ್ ಬೋರ್ಡ್ ಲೈಟಿನೊಳಗೇ ಇರುತ್ತದೆ, ಕೆಲವದರಲ್ಲಿ ವೈರ್ ಮುಟ್ಟಿದರೆ ಮೀಟರಿನಲ್ಲೇ ದೂರು ಹತ್ತಿಕೊಳ್ಳುತ್ತದೆ. ವಾರಂಟಿಯೂ ಅಲ್ಲಿಗೆ ಮುಗಿಯಿತು. ಕಂಪನಿ ಕೊಟ್ಟದ್ದನ್ನು ನಿಯಮ ಮೀರಿ ಬದಲಿಸಿದ ಮಾಲೀಕನಿಗೆ ಮೋಟಾರು ವಾಹನ ಕಾಯ್ದೆಯಲ್ಲಿ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡವಿದೆ, ಆರು ತಿಂಗಳವರೆಗಿನ ಜೈಲೂ ಇದೆ. ದಾರಿಹೋಕನ ಬೆರಳಿಗೆ ಅಂಜಿ ಅಷ್ಟು ದೂರ ಹೋಗಬೇಕೆ?

ಬೆರಳು ಕಂಡಾಗ ಮೊದಲು ಮೀಟರಿನ ನೀಲಿ ದೀಪ ನೋಡಿ. ಅದು ಹತ್ತಿದ್ದರೆ ಹೈಬೀಮ್ ಬಿಟ್ಟುಕೊಂಡು ಬರುತ್ತಿದ್ದೀರಿ. ಬೆರಳಿನವನದೇ ಸರಿ, ತಪ್ಪು ನಿಮ್ಮದೇ. ಹತ್ತಿಲ್ಲವೇ, ಹೈಬೀಮನ್ನು ಒಂದು ಕ್ಷಣ ಹತ್ತಿಸುವ ಪಾಸ್ ಸ್ವಿಚ್ಚನ್ನು ಒಮ್ಮೆ ಮಿಣಕ್ ಅನ್ನಿಸಿ. ಏನೋ ಬದಲಾದದ್ದು ಕಂಡರೆ ಅವನಿಗೆ ಸಮಾಧಾನ, ಉಳಿದದ್ದನ್ನು ನೋಡುವಷ್ಟು ಹೊತ್ತು ಅವನಿಗೂ ಇರುವುದಿಲ್ಲ.

ಬೆಂಗಳೂರಿನಲ್ಲಿ ಈ ಬೆರಳು ಈಚೆಗೆ ಅಪರೂಪವಾಗುತ್ತಿದೆ. “ಸ್ಟ್ಯಾಂಡು! ಸ್ಟ್ಯಾಂಡು!” ಎಂದು ಅರ್ಧ ಬೀದಿ ಕೂಗುತ್ತಿದ್ದ ಕೂಗಂತೂ ಹೋಗಿಯೇ ಬಿಟ್ಟಿತು, ಹೆಚ್ಚಿನ ಹೊಸ ಗಾಡಿಗಳು ಸ್ಟ್ಯಾಂಡ್ ಎತ್ತದಿದ್ದರೆ ಹೊರಡುವುದೇ ಇಲ್ಲ. ಗುರುತಿಲ್ಲದವನ ಬಲ್ಬಿನ ಆಯುಸ್ಸಿಗಾಗಿ ಹ್ಯಾಂಡಲ್ ಬಿಟ್ಟು ಕೈ ಎತ್ತುವ ಜನ ನೆಲಮಂಗಲ ದಾಟಿದ ಮೇಲೇ ಸಿಗುವುದು. ಮೊನ್ನೆ ಟೋಲ್‌ನಿಂದ ಶುರುವಾಗಿ ಒಂದು ಹಳೆಯ ಗಾಡಿ, ಸ್ವಿಚ್ಚಿರುವ ಕಾಲದ್ದು, ನಡುಹಗಲು ಹೆಡ್‌ಲೈಟ್ ಮರೆತುಕೊಂಡು ಹೊರಟಿತ್ತು. ಬಲ ಇಂಡಿಕೇಟರೂ ಮಿಣ ಮಿಣ ಎನ್ನುತ್ತಿತ್ತು. ನಾಲ್ಕು ಕಿಲೋಮೀಟರು, ಎಲ್ಲೂ ಬಲಕ್ಕೆ ತಿರುಗಲಿಲ್ಲ. ಒಬ್ಬರೂ ಬೆರಳೆತ್ತಲಿಲ್ಲ. ಅದೂ ಆಟೋಮ್ಯಾಟಿಕ್ ಇರಬೇಕು ಅಂದುಕೊಂಡರೋ ಏನೋ.